ಕೊನೆಯ ಟೋಲ್‌ಬೂತ್

ಗೂಗಲ್ ಮ್ಯಾಪ್‌ನಲ್ಲಿ ಊರಿನ ಹೆಸರು ಹಾಕಿದ ಕೂಡಲೇ ಕೆಳಗೆ ಒಂದು ಟೈಮ್ ಬರುತ್ತಲ್ಲ, ಇಷ್ಟು ಗಂಟೆಗೆ ತಲುಪ್ತೀರಿ ಅಂತ, ಅದನ್ನು ನೋಡಿದಾಗ ನಿಮಗೇನನ್ನಿಸುತ್ತೆ? ನನ್ನ ಹೆಂಡತಿಗೆ ಅದು ಬರೀ ಮಾಹಿತಿ. ಅತ್ತೆಗೆ ಫೋನ್ ಮಾಡಿ ‘ಆರೂವರೆಗೆ ಬರ್ತೀವಿ, ಚಹಾಕ್ಕೆ ಇಡಿ’ ಅಂತ ಹೇಳೋಕೆ ಇರುವ ಅನುಕೂಲ. ನನಗೆ ಮಾತ್ರ ಅದು ಸವಾಲು. ಮ್ಯಾಪು 6:30 ಅಂದರೆ ನಾನು 6:15ಕ್ಕೆ ಮುಟ್ಟಬೇಕು. ಒಂದು ನಿಮಿಷ ಹಿಂದೆ ಸರಿದರೆ ಏನೋ ಗೆದ್ದ ಹಾಗೆ. ಚಹಾ ಕುಡಿಯಲು ನಿಲ್ಲಿಸಿ ಹತ್ತು ನಿಮಿಷ ಮುಂದೆ ಹೋದರೆ ಯಾರೋ ಜೇಬಿಗೆ ಕೈ ಹಾಕಿದ ಹಾಗೆ.

‘ಮುಟ್ಟಿ ಏನ್ ಮಾಡ್ತೀರಿ ಅಷ್ಟು ಬೇಗ?’ ಅಂತ ಅವಳು ಕೇಳಿದಾಗಲೆಲ್ಲ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಈ ರೋಗ ಎಲ್ಲಿ ಶುರುವಾಯ್ತು ಅನ್ನೋದು ಮಾತ್ರ ಸರಿಯಾಗಿ ಗೊತ್ತು. ಕೊಟ್ಟೂರಿನ ಒಂದು ಇಂಟರ್ನೆಟ್ ಸೆಂಟರ್‌ನಲ್ಲಿ, 2009ರಲ್ಲಿ, ಗೋಡೆ ಕಡೆಯಿಂದ ಮೂರನೇ ಕಂಪ್ಯೂಟರ್‌ನಲ್ಲಿ.

ಆಗ ನಾನು ಪಿಯುಸಿ. ಕೊಟ್ಟೂರು ಇನ್ನೂ ಕೂಡ್ಲಿಗಿ ತಾಲ್ಲೂಕಿನ ಊರು, ಜಿಲ್ಲೆ ಬಳ್ಳಾರಿ. ಪಕ್ಕದ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿತ್ತು. ಈಗ ಕೊಟ್ಟೂರೇ ತಾಲ್ಲೂಕು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲವೂ 2021ರಿಂದ ವಿಜಯನಗರ ಜಿಲ್ಲೆ. ಊರುಗಳು ಇದ್ದಲ್ಲೇ ಇವೆ, ವಿಳಾಸ ಮಾತ್ರ ಓಡಾಡಿದೆ. ನಾನೂ ಆ ಕಾಲದಲ್ಲಿ ಇದ್ದಲ್ಲೇ ಕೂತು ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಓಡಾಡುತ್ತಿದ್ದೆ.

ಆ ಸೆಂಟರ್‌ನಲ್ಲಿ ಆರು ಕಂಪ್ಯೂಟರ್. ಬೆಳಗ್ಗೆ ಹೊತ್ತು ರಿಸಲ್ಟು, ಸ್ಕಾಲರ್‌ಶಿಪ್ ಅರ್ಜಿ, ಪಹಣಿ ಅಂತ ಜನ. ಸಂಜೆ ನಾಲ್ಕರ ಮೇಲೆ ನಮ್ಮದೇ ರಾಜ್ಯ. ಗಂಟೆಗೆ ಹದಿನೈದು ರೂಪಾಯಿ. ಎಲ್ಲದರಲ್ಲೂ ಒಂದೇ ಆಟ: ನೀಡ್ ಫಾರ್ ಸ್ಪೀಡ್, ಮೋಸ್ಟ್ ವಾಂಟೆಡ್. 2005ರಲ್ಲಿ ಬಂದದ್ದು, ನಮ್ಮೂರಿಗೆ ಬರಲು ಒಂದಷ್ಟು ವರ್ಷ ಹಿಡಿಯಿತು. ಆಡಿದವರಿಗೆ ನೆನಪಿರುತ್ತೆ: ರಾಕ್‌ಪೋರ್ಟ್ ಅನ್ನೋ ಇಲ್ಲದ ಊರು, ಹಿಂದೆ ಬೀಳುವ ಪೊಲೀಸರು, ಒಬ್ಬೊಬ್ಬರನ್ನಾಗಿ ಸೋಲಿಸಬೇಕಾದ ಹದಿನೈದು ಮಂದಿಯ ಬ್ಲ್ಯಾಕ್‌ಲಿಸ್ಟ್, ಅದರ ತುದಿಯಲ್ಲಿ ನಮ್ಮ ಬಿಎಂಡಬ್ಲ್ಯೂ ಕಾರನ್ನು ಮೋಸದಿಂದ ಕಿತ್ತುಕೊಂಡ ರೇಜರ್. ಮತ್ತೆ ಆ ಬೆಳಕು. ಇಡೀ ಆಟಕ್ಕೆ ಒಂದು ಹಳದಿ ಬಿಸಿಲು ಬಳಿದ ಹಾಗಿರುತ್ತೆ. ಸುಗ್ಗಿ ಕಾಲದ ಸಂಜೆ ಕೂಡ್ಲಿಗಿ ರಸ್ತೆಯಲ್ಲಿ ಧೂಳೆದ್ದಾಗ ಕಾಣುವ ಬೆಳಕು ಥೇಟ್ ಅದೇ. ಅದಕ್ಕೇ ಇರಬೇಕು, ಅಮೆರಿಕದ ಊರಿನಂತೆ ಮಾಡಿದ್ದರೂ ಅದು ನಮಗೆ ಪರಊರು ಅನ್ನಿಸಲೇ ಇಲ್ಲ.

ಆ ಆಟದಲ್ಲಿ ‘ಟೋಲ್‌ಬೂತ್’ ಅಂತ ಒಂದು ಬಗೆಯ ರೇಸ್. ಎದುರಾಳಿ ಯಾರೂ ಇಲ್ಲ, ನೀವು ಮತ್ತು ಗಡಿಯಾರ ಅಷ್ಟೇ. ಒಂದು ಟೋಲ್‌ಬೂತಿನಿಂದ ಇನ್ನೊಂದಕ್ಕೆ ಇಂತಿಷ್ಟು ಸೆಕೆಂಡಿನಲ್ಲಿ ಮುಟ್ಟಬೇಕು. ಬೇಗ ಮುಟ್ಟಿದರೆ ಉಳಿದ ಸೆಕೆಂಡುಗಳು ಮುಂದಿನ ಹಂತಕ್ಕೆ ಸೇರಿಕೊಳ್ಳುತ್ತವೆ. ಸೊನ್ನೆಯಾಯಿತೋ, ಆಟ ಮುಗೀತು. ಟೋಲ್ ಅಂದರೇನು ಅಂತ ಆಗ ನನಗೆ ಗೊತ್ತಿರಲಿಲ್ಲ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯಲ್ಲಿ ಅಡ್ಡ ಕಟ್ಟಿದ್ದು ಅಂದರೆ ರೈಲ್ವೆ ಗೇಟು ಮಾತ್ರ ಅಂದುಕೊಂಡಿದ್ದ ಹುಡುಗ ನಾನು.

ಉಳಿದ ರೇಸ್‌ಗಳನ್ನು ಹೇಗೋ ದಾಟಿದೆ. ಒಂದು ಟೋಲ್‌ಬೂತ್ ರೇಸ್ ಮಾತ್ರ ದಾಟಲಿಲ್ಲ.

ಹೇಗೆ ಸೋಲುತ್ತಿದ್ದೆ ಅಂತ ಹೇಳಬೇಕು. ಶುರುವಿನಲ್ಲೇ ಸೋತರೆ ಬೇಜಾರಿಲ್ಲ, ಎಂಟರ್ ಒತ್ತಿ ಮತ್ತೆ ಹೊರಡಬಹುದು. ಇದು ಹಾಗಲ್ಲ. ಮೊದಲ ಬೂತು ಸಲೀಸು. ಎರಡು, ಮೂರು, ಎಲ್ಲ ಸರಿ. ಕೊನೆಯ ಹಂತದಲ್ಲಿ ಹೈವೇ ಬಿಟ್ಟು ಎಡಕ್ಕೆ ಇಳಿಯುವ ಒಂದು ತಿರುವು, ಅದು ಮುಗಿದರೆ ನೇರ ರಸ್ತೆ, ತುದಿಯಲ್ಲಿ ಬೂತು. ಬೂತು ಕಣ್ಣಿಗೆ ಕಾಣುತ್ತಿರುತ್ತೆ. ಅದರ ಕಂಬಗಳನ್ನು ಎಣಿಸಬಹುದು. ಆಗ ಗಡಿಯಾರ ಸೊನ್ನೆ. ಮೂರು ಕಾರಿನಷ್ಟು ದೂರದಲ್ಲಿ ಸೊನ್ನೆ. ಕೆಲವು ದಿನ ಎರಡು ಕಾರಿನಷ್ಟು. ಒಮ್ಮೆಯಂತೂ ಕಾರಿನ ಮೂತಿ ಬೂತಿನ ನೆರಳು ಮುಟ್ಟಿತ್ತು.

ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗೀಟು ಹಾಕಿ ಲೆಕ್ಕ ಇಡುತ್ತಿದ್ದೆ. ಐದೈದರ ಕಟ್ಟು. ಹನ್ನೆರಡು ಕಟ್ಟು ದಾಟಿತ್ತು, ಅಂದರೆ ಅರವತ್ತಕ್ಕೂ ಹೆಚ್ಚು ಸಲ. ತಮಾಷೆ ಅಂದರೆ ಅದನ್ನು ಗೆಲ್ಲಲೇಬೇಕು ಅಂತ ಆಟ ಕೇಳಿರಲಿಲ್ಲ. ಅದನ್ನು ಬಿಟ್ಟು ಬೇರೆ ರೇಸ್ ಗೆದ್ದು ಮುಂದೆ ಹೋಗಬಹುದಿತ್ತು, ಗೆಳೆಯರೆಲ್ಲ ಹಾಗೇ ಹೋಗಿದ್ದರು. ‘ಬಿಡಲೇ ಅದನ್ನ’ ಅಂತ ಸೆಂಟರಿನ ಅಣ್ಣ ಹೇಳಿದ್ದೂ ಉಂಟು. ಬಿಡಲಿಲ್ಲ. ನನ್ನ ಮಂಡಕ್ಕಿ ಮಿರ್ಚಿ ದುಡ್ಡೆಲ್ಲ ಅದಕ್ಕೇ ಹೋಯಿತು.

ಸಿಟ್ಟು ಹೇಗಿರುತ್ತೆ ಅಂತ ಆಡಿದವರಿಗೇ ಗೊತ್ತು. ಯಾರ ಮೇಲೆ ಅಂತ ಇರುವುದಿಲ್ಲ. ಮೊದಲು ಕೀಬೋರ್ಡಿನ ಮೇಲೆ. ಅದರ ಬಾಣದ ಗುರುತುಗಳೇ ಸವೆದುಹೋಗಿದ್ದವು. ಆಮೇಲೆ ಆಟದ ಟ್ರಾಫಿಕ್ಕಿನ ಮೇಲೆ: ಸರಿಯಾಗಿ ನಾನು ಬರುವಾಗಲೇ ಆ ವ್ಯಾನು ಅಡ್ಡ ಬರಬೇಕಾ? ಆಮೇಲೆ ಕರೆಂಟಿನ ಮೇಲೆ. ಲೋಡ್ ಶೆಡ್ಡಿಂಗ್ ಕಾಲ. ಕೊನೆಯ ತಿರುವಿನಲ್ಲಿ ಎಲ್ಲ ಸರಿಯಿದ್ದಾಗ ಟಪ್ ಅಂತ ಆರೂ ಪರದೆ ಕಪ್ಪಾಗಿ, ಫ್ಯಾನು ನಿಧಾನಕ್ಕೆ ನಿಲ್ಲುವ ಸದ್ದು. ಆ ಕತ್ತಲಲ್ಲಿ ಆರು ಹುಡುಗರು ಒಟ್ಟಿಗೆ ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಇನ್ನೊಂದು ವಿಷಯ. ಆ ಆಟದಲ್ಲಿ ಎಕ್ಸ್ ಕೀ ಒತ್ತಿದರೆ ‘ಸ್ಪೀಡ್‌ಬ್ರೇಕರ್’ ಅಂತ ಒಂದು ಮಾಯೆ. ಸ್ವಲ್ಪ ಹೊತ್ತು ಇಡೀ ಲೋಕ ನಿಧಾನವಾಗುತ್ತೆ, ಕಾರನ್ನು ಸಮಾಧಾನವಾಗಿ ತಿರುಗಿಸಬಹುದು. ನಮ್ಮ ಕಡೆ ಸ್ಪೀಡ್ ಬ್ರೇಕರ್ ಅಂದರೆ ಪ್ರತಿ ಹಳ್ಳಿಯ ಮುಂದೆ ಊರವರೇ ಹಾಕಿಕೊಂಡ ಮಣ್ಣಿನ ದಿಬ್ಬ. ನಿಧಾನ ಮಾಡಿ ಅಂತ ಹೇಳುವುದಕ್ಕೆ ಒಂದೇ ಹೆಸರು, ಎರಡು ಕಡೆ. ನಾನು ಎರಡನ್ನೂ ಹಗುರವಾಗಿ ತಗೊಂಡೆ. ತಿರುವಿನಲ್ಲಿ ಎಕ್ಸ್ ಒತ್ತುವ ಬದಲು ನೈಟ್ರೋ ಒತ್ತುತ್ತಿದ್ದೆ.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಒಂದು ವಾರ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ರೂಟು. ಇನ್ನೊಂದು ವಾರ ಹಡಗಲಿಯಲ್ಲಿ ನೈಟ್ ಹಾಲ್ಟ್, ಬೆಳಗಿನ ಮೊದಲ ಬಸ್ಸು ಹಗರಿಬೊಮ್ಮನಹಳ್ಳಿ ಮೇಲೆ ಹೊಸಪೇಟೆಗೆ. ಹಡಗಲಿ ವಾರ ಬಂದರೆ ಅಪ್ಪನ ಯೂನಿಫಾರ್ಮು ಮಲ್ಲಿಗೆ ವಾಸನೆ. ಹಡಗಲಿ ಮಲ್ಲಿಗೆ ಗೊತ್ತಲ್ಲ, ಈಗ ಜಿಐ ಟ್ಯಾಗ್ ಸಿಕ್ಕಿರುವ ಹೂವು. ಊರಿಗೇ ಹೂವಿನ ಹಡಗಲಿ ಅಂತ ಹೆಸರು. ನಸುಕಿನಲ್ಲಿ ಮೊಗ್ಗು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಮೂಟೆ ಕಟ್ಟಿ, ಮೊದಲ ಬಸ್ಸಿಗೆ ಹಾಕುತ್ತಿದ್ದರು. ಬಿಸಿಲೇರಿದರೆ ಮೊಗ್ಗು ಅರಳುತ್ತೆ, ಅರಳಿದ ಹೂವಿಗೆ ಬೆಲೆ ಇಳಿಯುತ್ತೆ. ಅಂದರೆ ನಿಜವಾದ ಟೈಮ್ ಟ್ರಯಲ್ ಆಡುತ್ತಿದ್ದದ್ದು ನಾನಲ್ಲ, ಅಪ್ಪ. ಅದೂ ವರ್ಷಗಟ್ಟಲೆ. ಆದರೆ ಅವಸರ ಅನ್ನೋದನ್ನು ಆ ಮನುಷ್ಯನ ಮುಖದಲ್ಲಿ ಒಂದು ದಿನವೂ ನೋಡಲಿಲ್ಲ.

ಒಂದು ಸಂಜೆ ಏಳಾದರೂ ನಾನು ಮನೆಗೆ ಹೋಗಿರಲಿಲ್ಲ. ಡ್ಯೂಟಿ ಮುಗಿಸಿದ ಅಪ್ಪ ಖಾಕಿಯಲ್ಲೇ ಸೆಂಟರಿಗೆ ಬಂದರು. ಖಾಕಿ ನೋಡಿ ಮೂವರು ಹುಡುಗರು ಎದ್ದು ನಿಂತರು. ನಾನು ಏಳಲಿಲ್ಲ, ಯಾಕಂದರೆ ನೋಡಿರಲಿಲ್ಲ. ಮೂರನೇ ಬೂತು ದಾಟುತ್ತಿದ್ದೆ.

ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅಂತ ಗೊತ್ತಾದಾಗ ಕೊನೆಯ ತಿರುವು. ಗೋಡೆಗೆ ಬಡಿದೆ. ಸೊನ್ನೆ.

ಹೊಡೆತ ಬೀಳುತ್ತೆ ಅಂತ ಕಾದೆ. ಅಪ್ಪ ಪರದೆ ನೋಡುತ್ತಾ ಕೇಳಿದರು: ‘ಬ್ರೇಕ್ ಯಾವುದು ಇದ್ರಾಗ?’

ತೋರಿಸಿದೆ. ಕೆಳಗಿನ ಬಾಣ.

‘ಎಲ್ಲಿ ಒತ್ತಿದಿ?’

‘ತಿರುವಿನ್ಯಾಗ.’

‘ಅದಕ್ಕ ಬಡೀತು. ತಿರುವು ಬರೋಕಿಂತ ಮುಂಚೆ ಒತ್ತು. ತಿರುವಿನ್ಯಾಗ ಬ್ರೇಕ್ ಹಾಕಿದ್ರ ನನ್ನ ಬಸ್ಸಿನ ಟಾಪ್ ಮ್ಯಾಲಿನ ಆಡು ಕೆಳಗ ಬೀಳ್ತಾವ.’

ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು. ಇಂಗ್ಲಿಷ್ ಆಟಕ್ಕೆ ಆಡಿನ ಉದಾಹರಣೆ! ‘ನಿಂಗ ಗೊತ್ತಾಗಂಗಿಲ್ಲ ಬಿಡಪ್ಪ, ಇದು ಟೈಮಿನ ಆಟ’ ಅಂದೆ.

ಅಪ್ಪ ಸೆಂಟರಿನ ಅಣ್ಣನಿಗೆ ನನ್ನ ಬಾಕಿ ಎಣಿಸಿ ಕೊಟ್ಟರು. ಮನೆಗೆ ನಡೆಯುವಾಗ ಅಂದರು: ‘ಟೈಮ್ ಉಳಿಸೋದು ರೋಡಿನ್ಯಾಗ ಅಲ್ಲಲೇ. ಸ್ಟಾಪಿನ್ಯಾಗ. ಮೂಟೆ ಮೊದಲೇ ಬಾಗಿಲ ಹತ್ರ ಇರಬೇಕು, ಕಂಡಕ್ಟರ್ ಚಿಲ್ಲರೆ ಕೈಯಾಗ ಇಟ್ಕಂಡಿರಬೇಕು. ಅಲ್ಲಿ ಒಂದೊಂದು ನಿಮಿಷ ಉಳಿದ್ರ ಸಾಕು. ರೋಡಿನ್ಯಾಗ ಉಳಿಸಾಕ ಹೋದೋರು ಭಾಳ ಮಂದಿ ಅದಾರ. ಅವರ ಫೋಟೋ ಡಿಪೋದಾಗ ಅದಾವ, ಹಾರ ಹಾಕಿದ್ದು.’

ತೇರುಬಯಲಿನ ಹತ್ತಿರ ಬಂದಾಗ ಇನ್ನೊಂದು ಮಾತು ಹೇಳಿದರು. ಕೊಟ್ಟೂರೇಶ್ವರನ ತೇರು ನೋಡಿದವರಿಗೆ ಇದು ಅರ್ಥವಾಗುತ್ತೆ. ‘ಹಗ್ಗ ಹಿಡಿದು ಎಳೆಯೋರು ಸಾವಿರ ಮಂದಿ. ಆದ್ರ ತೇರು ತಿರುಗಿಸೋರು ಯಾರು ಹೇಳು? ಗಾಲಿಗೆ ಸನ್ನಿ ಹಾಕೋ ನಾಲ್ಕು ಮಂದಿ.’ ಸನ್ನೆ ಅಂದರೆ ಮರದ ತುಂಡು. ಉರುಳುವ ಗಾಲಿಯ ಕೆಳಗೆ ಸರಿಯಾದ ಹೊತ್ತಿಗೆ ಇಟ್ಟರೆ ತೇರು ಆ ಕಡೆ ಹೊರಳುತ್ತೆ. ತಡೆದಾಗಲೇ ತಿರುಗುತ್ತೆ.

ನಾನು ಕೇಳಿಸಿಕೊಳ್ಳಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಯಾರು ಕೇಳಿಸಿಕೊಳ್ಳುತ್ತಾರೆ?

ಆಮೇಲೆ ಪರೀಕ್ಷೆ ಬಂತು, ಕಾಲೇಜು, ಕೆಲಸ, ಬೆಂಗಳೂರು. ಆ ಟೋಲ್‌ಬೂತು ಹಾಗೇ ಉಳಿಯಿತು. ಆದರೆ ಗಡಿಯಾರ ನನ್ನ ಜೊತೆಗೇ ಬಸ್ಸು ಹತ್ತಿ ಬಂತು. ಆಫೀಸಿನಲ್ಲಿ ಎರಡು ವಾರದ ಕೆಲಸಕ್ಕೆ ‘ಸ್ಪ್ರಿಂಟ್’ ಅಂತ ಹೆಸರು. ಆ ಆಟದಲ್ಲೂ ಒಂದು ರೇಸಿಗೆ ಅದೇ ಹೆಸರು. ಪಾಡ್‌ಕಾಸ್ಟ್ ಒಂದೂವರೆ ಪಟ್ಟು ವೇಗದಲ್ಲಿ. ಸಿನಿಮಾದ ಹಾಡು ಬಂದರೆ ಹತ್ತತ್ತು ಸೆಕೆಂಡು ಮುಂದೆ. ಲಿಫ್ಟಿನ ಬಾಗಿಲು ಮುಚ್ಚುವ ಬಟನ್ನು ಮೂರು ಸಲ. ನಿಮಗೂ ಇದೆ ಅಲ್ವಾ ಈ ಚಟ? ಕಾರು ತಗೊಂಡ ಮೇಲೆ ಊರಿನ ದಾರಿಯೂ ರೇಸಾಯಿತು. ಕ್ಯಾತ್ಸಂದ್ರ ಟೋಲ್ ದಾಟಿದ್ದು ಇಷ್ಟು ಹೊತ್ತಿಗೆ, ಗುಯಿಲಾಳು ಟೋಲ್ ಇಷ್ಟಕ್ಕೆ. ಮನಸ್ಸಿನಲ್ಲೇ ಲೆಕ್ಕ. ಉಳಿದ ನಿಮಿಷಗಳನ್ನು ಮುಂದಿನ ಹಂತಕ್ಕೆ ಸೇರಿಸಿಕೊಳ್ಳುತ್ತಾ ಹೋಗುವುದು. ಟೋಲ್ ಅಂದರೇನು ಅಂತ ಗೊತ್ತಿಲ್ಲದ ಹುಡುಗ ಕೊನೆಗೂ ಆಟದ ಒಳಗೇ ಬಂದು ಕೂತಿದ್ದ.

2023ರ ದೀಪಾವಳಿ. ನವೆಂಬರ್ 11, ಶನಿವಾರ. ಹೆಂಡತಿಯ ಗೆಳತಿಯೊಬ್ಬಳನ್ನು ದಾವಣಗೆರೆಯಲ್ಲಿ ಬಿಡಬೇಕಿತ್ತು. ಹಾಗಾಗಿ ಯಾವಾಗಲೂ ಹೋಗುವ ಚಿತ್ರದುರ್ಗ, ಕೂಡ್ಲಿಗಿ ದಾರಿ ಬಿಟ್ಟು ದಾವಣಗೆರೆ, ಹರಪನಹಳ್ಳಿ ಮೇಲೆ ಕೊಟ್ಟೂರಿಗೆ ಹೊರಟೆವು. ಹಬ್ಬದ ಟ್ರಾಫಿಕ್ಕಿನಲ್ಲಿ ತುಮಕೂರು ದಾಟುವಷ್ಟರಲ್ಲೇ ಮ್ಯಾಪಿನ ಟೈಮು ನಲವತ್ತು ನಿಮಿಷ ಮುಂದೆ ಹೋಗಿತ್ತು. ಅದನ್ನು ವಾಪಸ್ ತರುವುದೇ ನನ್ನ ಕೆಲಸವಾಯಿತು. ಹರಪನಹಳ್ಳಿ ಬಿಡುವಾಗ ಸಂಜೆ ಐದೂಕಾಲು. ಮ್ಯಾಪು 6:02 ಅನ್ನುತ್ತಿತ್ತು. ಆರರ ಒಳಗೆ ಮುಟ್ಟಬೇಕು ಅಂತ ನಿರ್ಧರಿಸಿದೆ. ಯಾರಿಗಾಗಿ? ಯಾರಿಗಾಗಿಯೂ ಅಲ್ಲ.

ಒಂದು ಲೆಕ್ಕ ಹೇಳುತ್ತೇನೆ, ಆಮೇಲೆ ನಾನೇ ಹಾಕಿದ್ದು. ಮೂವತ್ತು ಕಿಲೋಮೀಟರ್ ದಾರಿಯನ್ನು 60ರ ವೇಗದಲ್ಲಿ ಹೋದರೆ 30 ನಿಮಿಷ. 90ರಲ್ಲಿ ಹೋದರೆ 20 ನಿಮಿಷ. ಅದೂ ಎಲ್ಲೂ ನಿಲ್ಲದೆ, ಹಂಪ್ ಇಲ್ಲದೆ, ಎಮ್ಮೆ ಅಡ್ಡ ಬರದೆ. ಉಳಿಯುವುದು 10 ನಿಮಿಷ. ಆದರೆ ಬ್ರೇಕ್ ಒತ್ತಿದ ಮೇಲೆ ಕಾರು ನಿಲ್ಲಲು ಬೇಕಾಗುವ ದೂರ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಆಗುತ್ತೆ. ವೇಗದ ವರ್ಗಕ್ಕೆ ತಕ್ಕ ಹಾಗೆ ಅದು ಬೆಳೆಯುತ್ತೆ ಅಂತ ಪಿಯುಸಿ ಫಿಸಿಕ್ಸ್ ಓದಿದವರಿಗೆಲ್ಲ ಗೊತ್ತು. ನಾನು ಕಾಮರ್ಸು. ರಸ್ತೆಯಲ್ಲಿ ಕಲಿತೆ.

ಬಿಸಿಲು ಹಳದಿಯಾಗಿತ್ತು. ಅದೇ ರಾಕ್‌ಪೋರ್ಟಿನ ಬೆಳಕು. ಎಡಕ್ಕೊಂದು ತಿರುವು, ಪಕ್ಕದಲ್ಲಿ ಜಾಲಿ ಗಿಡಗಳ ಮರೆ. ಸ್ಪೀಡೋಮೀಟರ್ 85. ತಿರುವಿನೊಳಗೆ ಹೋದ ಮೇಲೆ ಕಂಡಿತು: ಅರ್ಧ ರಸ್ತೆ ತುಂಬ ಹರವಿದ ಮೆಕ್ಕೆಜೋಳ. ಅಂಚಿಗೆ ಸಾಲಾಗಿ ಕಲ್ಲು. ಎದುರಿನಿಂದ ಒಂದು ಟ್ರ್ಯಾಕ್ಟರ್.

ಬ್ರೇಕ್ ಒತ್ತಿದೆ. ತಿರುವಿನೊಳಗೆ.

ಮೆಕ್ಕೆಜೋಳದ ಕಾಳಿನ ಮೇಲೆ ಬ್ರೇಕ್ ಹಾಕಿದ್ದೀರಾ? ಗೋಲಿಗಳ ಮೇಲೆ ಬ್ರೇಕ್ ಹಾಕಿದಂತೆ. ಸ್ಟೀರಿಂಗ್ ತಿರುಗುತ್ತೆ, ಕಾರು ತಿರುಗುವುದಿಲ್ಲ. ಕಾಲಡಿಯಲ್ಲಿ ಬ್ರೇಕು ಗಡಗಡ ನಡುಗುತ್ತೆ, ಕಾರು ತನ್ನ ಪಾಡಿಗೆ ಹೋಗುತ್ತಿರುತ್ತೆ. ಹೆಂಡತಿ ಕೂಗಿದಳೋ ನಾನೇ ಕೂಗಿದೆನೋ ಗೊತ್ತಿಲ್ಲ. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನ್ನ ಎಡಗೈ ಬೆರಳು ಎಕ್ಸ್ ಕೀ ಹುಡುಕಿತು. ಹದಿನಾಲ್ಕು ವರ್ಷದ ಹಿಂದಿನ ಕೀ. ಲೋಕ ನಿಧಾನವಾಗಲಿಲ್ಲ.

ಕಲ್ಲುಗಳನ್ನು ಒದ್ದು, ಕಾಳಿನ ರಾಶಿಯೊಳಗೆ ಮೂತಿ ತೂರಿಸಿ ಕಾರು ನಿಂತಿತು. ಮುಂದಿನ ಗಾಜಿನಾಚೆ, ಬಾನೆಟ್ಟಿನಿಂದ ಒಂದು ಮಾರು ದೂರದಲ್ಲಿ ಒಬ್ಬ ಅಜ್ಜಿ. ಕೈಯಲ್ಲಿ ಕಾಳು ಎಳೆಯುವ ಮರದ ಹಲಗೆ. ಅದನ್ನು ಹಿಡಿದ ಹಾಗೇ ನಿಂತಿದ್ದಳು. ಅವಳ ಹಿಂದೆ, ತುಂಬಿದ ಚೀಲದ ಮೇಲೆ ಕೂತ ಹುಡುಗಿ, ಐದಾರು ವರ್ಷದ್ದು, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು.

ಇಳಿದೆ. ಕಾಲು ನಿಲ್ಲುತ್ತಿರಲಿಲ್ಲ. ಬೈಯುತ್ತಾಳೆ ಅಂದುಕೊಂಡೆ. ಅಜ್ಜಿ ಮೊದಲು ಕೇಳಿದ್ದು, ‘ನಿಂಗೇನಾತೋ ಯಪ್ಪಾ? ಒಳಗಿರಾಕಿಗೆ ಏನಾತು?’

ಏನೂ ಆಗಿಲ್ಲ ಅಂದ ಮೇಲೆ ಅವಳ ಕಣ್ಣು ಕಾಳಿನ ಕಡೆ ಹೋಯಿತು. ಅರ್ಧ ರಾಶಿ ಚರಂಡಿ ಮಣ್ಣಿನಲ್ಲಿ. ‘ಈ ವರ್ಷ ಬಂದಿದ್ದೇ ಇಷ್ಟು’ ಅಂದಳು, ನನಗಲ್ಲ, ತನಗೇ ಹೇಳಿಕೊಂಡ ಹಾಗೆ.

2023 ಎಂಥಾ ವರ್ಷ ಅಂತ ನೆನಪಿದೆಯಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿದ ವರ್ಷ. ಬೆಂಗಳೂರಿನಲ್ಲಿ ಅದು ನನಗೆ ಒಂದು ನೋಟಿಫಿಕೇಶನ್, ಎಡಕ್ಕೆ ಸರಿಸಿ ಮುಂದೆ ಹೋಗಿದ್ದೆ. ಇಲ್ಲಿ ಅದು ನಾಲ್ಕು ಚೀಲವಾಗಬೇಕಿದ್ದ ಕಡೆ ಆಗಿದ್ದ ಒಂದೂವರೆ ಚೀಲ. ಅದರಲ್ಲಿ ಅರ್ಧಕ್ಕೆ ನನ್ನ ಟಯರು ಹಾಯ್ದಿತ್ತು.

ರಸ್ತೆಯಲ್ಲಿ ಕಾಳು ಒಣಗಿಸುವುದು ತಪ್ಪು ಅಂತ ನೀವು ಹೇಳಬಹುದು. ನಾನೂ ಆಫೀಸಿನಲ್ಲಿ ಕೂತು ಹೇಳಿದ್ದೇನೆ. ಬೈಕಿನವರು ಬಿದ್ದು ಸತ್ತದ್ದೂ ಇದೆ. ಆದರೆ ಮೊದಲು ಊರಿಗೆ ಹತ್ತಾರು ಕಣ ಇರುತ್ತಿದ್ದವು, ಈಗ ಇಲ್ಲ. ಬಿಸಿಯಾದ, ಸಪಾಟಾದ, ಮಣ್ಣು ಹತ್ತದ ಜಾಗ ಅಂದರೆ ಟಾರು ರಸ್ತೆ ಒಂದೇ. ಅವಳು ತಿರುವಿನಲ್ಲಿ ಹರವಿದ್ದು ತಪ್ಪೇ. ಆದರೆ ಅವಳು ಅಲ್ಲಿ ನಿಂತಿದ್ದಳು, ನಾನು 85ರಲ್ಲಿ ಬಂದೆ. ಎರಡೂ ಒಂದೇ ತೂಕದ ತಪ್ಪಲ್ಲ.

ಮೂವರೂ ಕೂತು ಕಾಳು ಆಯ್ದೆವು. ಹುಡುಗಿಯೂ ಬಂದಳು. ಕಲ್ಲು ಬೇರೆ, ಕಾಳು ಬೇರೆ. ಫೋನಿನ ಟಾರ್ಚು ಹಾಕಿಕೊಂಡು ಏಳರವರೆಗೆ. ಕಾರಿನೊಳಗೆ ಮ್ಯಾಪು ಇನ್ನೂ ಓಡುತ್ತಿತ್ತು, ನೋಡಲು ಹೋಗಲಿಲ್ಲ. ಹೊರಡುವಾಗ ದುಡ್ಡು ಕೊಟ್ಟೆ. ಅಜ್ಜಿ ಬೇಡ ಅನ್ನಲಿಲ್ಲ. ಎಣಿಸಿದಳು. ಅರ್ಧ ವಾಪಸ್ ಕೊಟ್ಟಳು. ‘ಹೋಗಿದ್ದು ಇಷ್ಟಾಗಂಗಿಲ್ಲ’ ಅಂದಳು. ಅವಳ ಲೆಕ್ಕ ಅವಳಿಗೆ ಸರಿಯಾಗಿ ಗೊತ್ತಿತ್ತು. ‘ಎಲ್ಲಿಗೆ ಹೊಂಟಿದ್ದಿ ಅಷ್ಟು ಜೋರು?’

‘ಮನೀಗೆ’ ಅಂದೆ. ಬೇರೆ ಉತ್ತರ ಇರಲಿಲ್ಲ.

ಮನೆ ಮುಟ್ಟಿದಾಗ ಎಂಟು. ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ಅವರು ನಿವೃತ್ತರಾಗಿ ಐದು ವರ್ಷವಾಗಿತ್ತು. ಎರಡು ವರ್ಷದ ಹಿಂದೆ ಲಘುವಾಗಿ ಲಕ್ವ ಹೊಡೆದು ಎಡಗೈ ಸೋತಿತ್ತು. ಆಮೇಲೆ ಸ್ಕೂಟರ್ ಕೂಡ ಮುಟ್ಟಿರಲಿಲ್ಲ. ಹಬ್ಬದ ದೀಪದ ಬೆಳಕಿನಲ್ಲಿ ಎದ್ದು ಬಂದು ಕಾರಿನ ಬಂಪರ್ ನೋಡಿದರು. ಅದರ ಸೀಳಿನಲ್ಲಿ ಸಿಕ್ಕಿಕೊಂಡಿದ್ದ ಎರಡು ಕಾಳು ಕಿತ್ತು ಅಂಗೈಯಲ್ಲಿ ಇಟ್ಟುಕೊಂಡರು.

‘ಎಲ್ಲಿ ಒತ್ತಿದಿ?’

ಏನು ಕೇಳುತ್ತಿದ್ದಾರೆ ಅಂತ ನನಗೆ ತಕ್ಷಣ ಗೊತ್ತಾಯಿತು.

‘ತಿರುವಿನ್ಯಾಗ.’

ಅಪ್ಪ ಏನೂ ಹೇಳಲಿಲ್ಲ. ಬೈದಿದ್ದರೆ ಅವತ್ತು ನಿದ್ದೆ ಬರುತ್ತಿತ್ತು.

ಮರುದಿನ ಮಧ್ಯಾಹ್ನ ಹೋಳಿಗೆ ತಿಂದು ಎಲ್ಲರೂ ಮಲಗಿದ್ದಾಗ ತಂಗಿಯ ಮಗ ಲ್ಯಾಪ್‌ಟಾಪಿನಲ್ಲಿ ಏನೋ ಆಡುತ್ತಿದ್ದ. ನೋಡಿದರೆ ಅದೇ ಮೋಸ್ಟ್ ವಾಂಟೆಡ್. ಆ ಆಟಕ್ಕೆ ಆಗ ಹದಿನೆಂಟು ವರ್ಷ, ಈ ಹುಡುಗನಿಗೆ ಹನ್ನೊಂದು. ‘ಇದೊಂದು ಆಗ್ತಿಲ್ಲ ಮಾಮ’ ಅಂತ ತೋರಿಸಿದ. ಟೋಲ್‌ಬೂತ್. ನನ್ನ ಅದೇ ಹಳೆಯ ರೇಸು ಅಲ್ಲದಿರಬಹುದು, ಖಚಿತವಿಲ್ಲ. ಆದರೆ ಕೊನೆಯ ಹಂತದಲ್ಲಿ ಒಂದು ಇಳಿಯುವ ತಿರುವು ಇತ್ತು. ಸಾಕು.

ನಾಲ್ಕು ಸಲ ಆಡಿದೆ, ನಾಲ್ಕೂ ಸಲ ಸೋತೆ. ಅದೇ ಜಾಗ, ಅದೇ ಸಿಟ್ಟು. ಕಿವಿಯ ಹಿಂದೆ ಬಿಸಿ ಏರುವುದು ಕೂಡ ಹಾಗೇ. ಒಂದು ದಿನದ ಹಿಂದೆ ಅಷ್ಟಾದರೂ ಬೆರಳಿಗೆ ಬುದ್ಧಿ ಬಂದಿರಲಿಲ್ಲ. ತಿರುವು ಕಂಡ ಕೂಡಲೇ ಕೈ ನೈಟ್ರೋ ಕಡೆಗೇ ಹೋಗುತ್ತಿತ್ತು. ಗೊತ್ತಿರುವುದು ಬೇರೆ, ಬೆರಳಿಗೆ ಗೊತ್ತಾಗುವುದು ಬೇರೆ.

ಅಪ್ಪ ಪಕ್ಕದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ನನಗೊಂದು ಯೋಚನೆ ಬಂತು. ಸೆಟ್ಟಿಂಗ್ಸಿಗೆ ಹೋಗಿ ಬ್ರೇಕನ್ನು ಸ್ಪೇಸ್ ಬಾರಿಗೆ ಬದಲಾಯಿಸಿದೆ. ಕೀಬೋರ್ಡಿನಲ್ಲಿ ಅದೇ ದೊಡ್ಡದು. ‘ಅಪ್ಪಾ, ಬ್ರೇಕು ನಿಂದು. ನಾನು ಬರೀ ಸ್ಟೀರಿಂಗು’ ಅಂದೆ.

‘ನಂಗೆಲ್ಲಿ ಬರ್ತೈತಿ’ ಅಂದರು. ಆದರೆ ಕುರ್ಚಿ ಹತ್ತಿರ ಎಳೆದುಕೊಂಡರು. ಬೆರಳು ಆಡಿಸುತ್ತಿರಬೇಕು ಅಂತ ಡಾಕ್ಟರ್ ಹೇಳಿದ್ದ ಎಡಗೈಯನ್ನು ಬಲಗೈಯಿಂದ ಎತ್ತಿ ಸ್ಪೇಸ್ ಬಾರಿನ ಮೇಲೆ ಇಟ್ಟರು.

ಮೊದಲ ಸಲ ಅವರು ಬ್ರೇಕ್ ಒತ್ತಿದ್ದು ಎಷ್ಟು ಮುಂಚೆ ಅಂದರೆ, ತಿರುವು ಇನ್ನೂ ಕಂಡಿರಲೇ ಇಲ್ಲ. ‘ಅಪ್ಪಾ, ಇಷ್ಟು ಬೇಗ ಬ್ಯಾಡ!’ ಅಂತ ಕೂಗಿದೆ. ಎರಡನೇ ಸಲವೂ ಅಷ್ಟೇ. ‘ನೀನು ಬೋರ್ಡ್ ನೋಡಲ್ಲ’ ಅಂದರು, ‘ಅಲ್ಲಿ ಬಾಣದ ಬೋರ್ಡ್ ಐತಿ.’ ಇತ್ತು. ಅರವತ್ತು ಸಲ ಆ ಥರದ ತಿರುವಿನಲ್ಲಿ ಹೋಗಿದ್ದರೂ ರಸ್ತೆ ಬದಿಯ ಬೋರ್ಡನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ನಾನು ನೋಡುತ್ತಿದ್ದದ್ದು ಮೇಲಿನ ಗಡಿಯಾರ.

ಏಳನೇ ಸಲ ಏನೋ ಹೊಂದಿಕೆಯಾಯಿತು. ಅವರು ಒತ್ತುವ ಹೊತ್ತಿಗೆ ನಾನು ಆಕ್ಸಿಲರೇಟರ್ ಬಿಡುತ್ತಿದ್ದೆ. ಕಾರು ಭಾರವಾಗಿ, ನಿಧಾನವಾಗಿ, ಗೋಡೆ ಮುಟ್ಟದೆ ಒಳಗೆ ತಿರುಗಿತು. ಇಷ್ಟು ನಿಧಾನಕ್ಕೆ ಹೋದರೆ ಆಯಿತು ಕಥೆ ಅಂದುಕೊಂಡೆ. ಆದರೆ ತಿರುವು ಮುಗಿದಾಗ ಕಾರಿನ ಮೂತಿ ನೆಟ್ಟಗೆ ಬೂತಿನ ಕಡೆಗಿತ್ತು. ಗೋಡೆಗೆ ಬಡಿದು ವಾಪಸ್ ಸರಿಯುವ ಆ ಎರಡು ಮೂರು ಸೆಕೆಂಡು ಈ ಸಲ ಇರಲೇ ಇಲ್ಲ. ಇಷ್ಟು ದಿನ ನಾನು ಕಳೆದುಕೊಳ್ಳುತ್ತಿದ್ದ ಟೈಮು ನೇರ ರಸ್ತೆಯಲ್ಲಿ ಅಲ್ಲ, ಅಲ್ಲಿ ಬಿದ್ದುಹೋಗುತ್ತಿತ್ತು. ಆದರೂ ಸೋತೆವು, ಮೊದಲ ಬೂತಿನಲ್ಲಿ ಒಂದು ವ್ಯಾನಿಗೆ ತಾಗಿದ್ದಕ್ಕೆ.

ಹನ್ನೊಂದನೇ ಸಲ ಮುಟ್ಟಿದೆವು.

ಹುಡುಗ ಕಿರುಚಿದ. ಹೆಂಡತಿ ಎದ್ದು ಬಂದಳು. ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ಹದಿನಾಲ್ಕು ವರ್ಷ!

‘ಬಂತಾ?’ ಅಂದರು ಅಪ್ಪ.

‘ಬಂತಪ್ಪಾ!’

‘ಎಷ್ಟು ಉಳೀತು?’

‘ಎರಡು ಸೆಕೆಂಡು.’

ಅಪ್ಪ ಎಡಗೈಯನ್ನು ಸ್ಪೇಸ್ ಬಾರಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದರು: ‘ಎರಡು ಸೆಕೆಂಡ್ ತಗಂಡು ಏನ್ ಮಾಡ್ತಿ?’

ಆ ಪ್ರಶ್ನೆಗೆ ಇವತ್ತಿಗೂ ಉತ್ತರ ಹೊಳೆದಿಲ್ಲ. ನಾನೇನು ಬದಲಾಗಿಬಿಟ್ಟೆ ಅಂತ ಹೇಳಲಾರೆ. ಪಾಡ್‌ಕಾಸ್ಟ್ ಈಗಲೂ ಒಂದೂವರೆ ಪಟ್ಟು ವೇಗದಲ್ಲೇ. ಲಿಫ್ಟಿನ ಬಟನ್ನು ಈಗಲೂ ಒತ್ತುತ್ತೇನೆ, ಎರಡು ಸಲ. ಆದರೆ ಊರಿಗೆ ಹೋಗುವಾಗ ಫೋನನ್ನು ಹೆಂಡತಿಯ ಕೈಗೆ ಕೊಟ್ಟುಬಿಡುತ್ತೇನೆ. ದಾರಿ ಹೇಳು, ಟೈಮ್ ಹೇಳಬೇಡ ಅಂತ. ಹಿಂಗಾರು ಸುಗ್ಗಿ ಇರಲಿ, ಮುಂಗಾರು ಸುಗ್ಗಿ ಇರಲಿ, ನಮ್ಮ ಕಡೆಯ ತಿರುವು ಬಂದರೆ ಬೋರ್ಡು ಕಂಡಲ್ಲೇ ಕಾಲು ಬ್ರೇಕಿನ ಮೇಲೆ ಹೋಗುತ್ತೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ.

ಆ ಹಬ್ಬ ಮುಗಿಸಿ ಬೆಂಗಳೂರಿಗೆ ವಾಪಸ್ ಬಂದಾಗ ರಾತ್ರಿ ಹತ್ತೂವರೆ. ಮ್ಯಾಪು ಹೇಳಿದ್ದಕ್ಕಿಂತ ಐವತ್ತು ನಿಮಿಷ ತಡ. ಅಪ್ಪ ಮಲಗದೆ ಕಾಯುತ್ತಿದ್ದರು, ಫೋನ್ ಬಂತು.

‘ಮುಟ್ಟಿದ್ಯಾ?’

‘ಮುಟ್ಟಿದ್ವಿ ಅಪ್ಪಾ.’

‘ಆತು, ಮಲಕ್ಕಾ.’

ಇಷ್ಟು ವರ್ಷ ಅವರು ಕೇಳಿದ್ದು ಇದೊಂದೇ. ಎಷ್ಟು ಗಂಟೆಗೆ ಅಂತ ಒಮ್ಮೆಯೂ ಕೇಳಿಲ್ಲ.